ಗೇಟಿನ ಹೊರಗಿನ ಪ್ರತಿನಿಧಿ

20 ಆಗಸ್ಟ್ 1994, ಶನಿವಾರ

ಇವತ್ತಿನಿಂದ ನಾನು ಕಾರ್ಮಿಕ ನಾಯಕ. ಬೆಳಿಗ್ಗೆ ಚಹಾ ಕುಡಿಯುವವರೆಗೆ ಬರೀ ಗುಮಾಸ್ತ ನೊರ್ಬರ್ಟ್ ಲಸ್ರಾದೊ ಆಗಿದ್ದೆ. ಚಹಾ ಮುಗಿಯುವಷ್ಟರಲ್ಲಿ ಮೂರ್ತಿಯವರು ಕರೆದು ನನ್ನನ್ನು ಮೇಲಕ್ಕೆತ್ತಿದರು. ಶ್ರೀನಿವಾಸಮೂರ್ತಿಯವರು ನಮ್ಮ ಕಟ್ಟಡ ಕಂಪನಿಯ ಆಡಳಿತ ವಿಭಾಗದ ಮ್ಯಾನೇಜರ್. ಮೈಸೂರಿನವರು, ದೈವಭಕ್ತರು, ಮೆತ್ತಗೆ ಮಾತಾಡುವವರು. ಬೈದರೂ ಹರಸಿದ ಹಾಗೇ ಕೇಳಿಸುತ್ತದೆ.

"ನೋಡ್ರೀ ನೊರ್ಬರ್ಟ್, ಲೇಬರ್ ಆಫೀಸಿನೋರು ಒಂದು ಕಮಿಟಿ ಮಾಡಿ ಅಂತಿದಾರೆ. ಮ್ಯಾನೇಜ್‌ಮೆಂಟ್ ಕಡೆಯಿಂದ ಇಬ್ಬರು, ಕಾರ್ಮಿಕರ ಕಡೆಯಿಂದ ಇಬ್ಬರು. ನೀವು ಕಾರ್ಮಿಕರ ಕಡೆ."

"ನಾನಾ ಸರ್? ನಾನು ಸೈಟಿನ ಒಳಗೆ ಕಾಲಿಟ್ಟವನೇ ಅಲ್ಲವಲ್ಲ?"

"ಅದಕ್ಕೇ ಕಣ್ರೀ. ನೀವು ಗಲಾಟೆ ಮಾಡೋ ಪೈಕಿ ಅಲ್ಲ."

ಗುಣ ಗುರುತಿಸುವವರು ಇದ್ದಾರಲ್ಲ, ಸಂತೋಷ. ಈ ಒಮಾನ್ ದೇಶದಲ್ಲಿ ಯೂನಿಯನ್ ಎಂಬುದೇ ಇಲ್ಲ. ಹಾಗಾಗಿ ಚುನಾವಣೆ, ಘೋಷಣೆ, ಬಾವುಟ ಯಾವ ರಗಳೆಯೂ ಇಲ್ಲದೆ ನಾನು ಅವಿರೋಧವಾಗಿ ಆಯ್ಕೆಯಾದೆ. ಇನ್ನೊಬ್ಬ ಪ್ರತಿನಿಧಿ ಪ್ರಾಜೆಕ್ಟ್ ಮ್ಯಾನೇಜರ್ ಸಾಹೇಬರ ಡ್ರೈವರ್. ಅವನನ್ನೂ ಯಾರೂ ಕೇಳಿರಲಿಲ್ಲವಂತೆ. ಹುದ್ದೆಯ ಗೌರವಕ್ಕೆ ಒಂದು ಬಿಳಿ ಹೆಲ್ಮೆಟ್ ಕೊಟ್ಟರು. ಮನೆಗೆ ತಂದ ಕೂಡಲೇ ಮಗಳು ಇಸಾಬೆಲ್ಲಾ ಅದನ್ನು ಅಂಗಾತ ಇಟ್ಟು, ಒಳಗೆ ಪುಟ್ಟ ದಿಂಬು ಹಾಕಿ ಗೊಂಬೆ ಮಲಗಿಸಿದಳು.

ಒಲಿಂಡಾ ಕೊಂಕಣಿಯಲ್ಲಿ ಅಂದದ್ದನ್ನು ಕನ್ನಡಕ್ಕೆ ಇಳಿಸಿದರೆ ಹೀಗೆ: "ನಾಯಕ ಆಗುವುದಾದರೆ ಆಗು. ಬಾಯಿ ಮಾತ್ರ ಬಿಡಬೇಡ." ಹೆಂಡತಿಗೂ ಮ್ಯಾನೇಜರಿಗೂ ನನ್ನ ಬಗ್ಗೆ ಇಷ್ಟೊಂದು ಒಮ್ಮತ ಇರುವುದು ನನಗೆ ಗೊತ್ತಿರಲಿಲ್ಲ.

ಈ ಡೈರಿ ಕಂಪನಿ ಕೊಟ್ಟದ್ದು. ಇಸಾಬೆಲ್ಲಾಗೆ ಕನ್ನಡ ಓದಲು ಬರುವುದಿಲ್ಲ, ಒಲಿಂಡಾಗೆ ನನ್ನ ಅಕ್ಷರ ಓದಲು ಬರುವುದಿಲ್ಲ. ಹಾಗಾಗಿ ಬಾಯಿ ಇಲ್ಲಿ ಬಿಡಬಹುದು.

23 ಆಗಸ್ಟ್, ಮಂಗಳವಾರ

ಕಮಿಟಿಯ ಮೊದಲ ಸಭೆ. ಜಾಗ, ಮದೀನತ್ ಸುಲ್ತಾನ್ ಖಾಬೂಸಿನ ನಮ್ಮ ಆಫೀಸು ವಿಲ್ಲಾ. ಏಸಿ ಎಷ್ಟು ಜೋರಿತ್ತೆಂದರೆ ಕಾರ್ಮಿಕರ ಪ್ರತಿನಿಧಿಗಳಿಬ್ಬರಿಗೂ ಶೀತ ಹಿಡಿಯಿತು.

ಮೂರ್ತಿಯವರು ನಿಯಮ ಓದಿದರು. ಕಮಿಟಿ ಸಂಬಳದ ಮಾತು ಎತ್ತುವಂತಿಲ್ಲ. ಕೆಲಸದ ಹೊತ್ತಿನ ಮಾತು ಎತ್ತುವಂತಿಲ್ಲ. ಕೆಲಸದ ಪರಿಸ್ಥಿತಿಯ ಮಾತು ಎತ್ತುವಂತಿಲ್ಲ. ಉಳಿದ ಯಾವ ವಿಷಯವನ್ನಾದರೂ ಮುಕ್ತವಾಗಿ, ನಿರ್ಭೀತಿಯಿಂದ ಚರ್ಚಿಸಬಹುದು.

ನಿರ್ಭೀತಿಯಿಂದ ಎಂದರಲ್ಲಾ ಎಂದು ನಾನು, "ಈ ವರ್ಷ ಬಿಸಿಲು ಭಾರೀ ಜೋರು" ಎಂದೆ.

ಮೂರ್ತಿಯವರು ಯೋಚಿಸಿದರು. "ಅದು ಕೆಲಸದ ಪರಿಸ್ಥಿತಿ ಆಗತ್ತೆ ಕಣ್ರೀ."

ಡ್ರೈವರ್ ಬಿಸ್ಕತ್ತು ಚೆನ್ನಾಗಿದೆ ಎಂದ. ಅದು ದಾಖಲಾಯಿತು. ಸಭೆ ಯಶಸ್ವಿ.

27 ಆಗಸ್ಟ್, ಶನಿವಾರ

ನಾಯಕನಾದ ಮೇಲೆ ಜನಕ್ಕೆ ಒಮ್ಮೆ ಮುಖ ತೋರಿಸಬೇಡವೇ? ನಮ್ಮ ಸೈಟ್ ಇರುವುದು ಅಲ್ ಗುಬ್ರಾದಲ್ಲಿ, ನನ್ನ ಫ್ಲ್ಯಾಟಿನ ಎದುರಿಗೇ. ಬಾಲ್ಕನಿಯಲ್ಲಿ ಹಲ್ಲುಜ್ಜುತ್ತಾ ನಿಂತರೆ ಅರ್ಧ ಎದ್ದ ಕಟ್ಟಡ, ಅದರ ಪಕ್ಕದಲ್ಲಿ ಸಾಮಾನು ಏರಿಸುವ ಲಿಫ್ಟ್, ಎಲ್ಲ ಕಾಣುತ್ತದೆ. ನವೆಂಬರಿನ ರಾಷ್ಟ್ರೀಯ ದಿನದೊಳಗೆ ಮುಗಿಸಬೇಕೆಂದು ಭರದಿಂದ ಏಳುತ್ತಿದೆ. ಸಂಜೆ ನಡೆದೇ ಹೋದೆ.

ಗೇಟಿನಲ್ಲಿ ಬಾದುಶಾ. ಉಳ್ಳಾಲದವನು, ಈದ್ ದಿನ ನಮ್ಮ ಮನೆಗೆ ಬಿರಿಯಾನಿ ತಂದುಕೊಡುವವನು.

"ಪಾಸ್ ಉಂಟಾ ಸಾರ್?"

"ಎಂತ ಬಾದುಶಾ, ನಾನು ಮಾರಾಯಾ!"

"ನೀವು ಅಂತ ಗೊತ್ತುಂಟು. ಪಾಸ್ ಉಂಟಾ?"

"ನಿನ್ನ ಡ್ಯೂಟಿ ಆರ್ಡರ್ ಟೈಪ್ ಮಾಡಿದವನೇ ನಾನು."

"ಅದೇ ಸಾರ್. ಅದರಲ್ಲಿ ನೀವೇ ಟೈಪ್ ಮಾಡಿದ್ದೀರಿ, ಪಾಸ್ ಇಲ್ಲದವರನ್ನು ಯಾರೇ ಆದ್ರೂ ಬಿಡ್ಲಿಕ್ಕಿಲ್ಲ ಅಂತ."

ನನ್ನ ಟೈಪಿಂಗ್ ಇಷ್ಟು ಶ್ರದ್ಧೆಯಿಂದ ಓದುವವನು ಒಮಾನಿನಲ್ಲಿ ಒಬ್ಬನಾದರೂ ಇದ್ದಾನೆ. ಬಾದುಶಾ ತನ್ನ ಕುರ್ಚಿಯನ್ನು ಗೇಟಿನ ಹೊರಗೆ ನನಗೆ ಹಾಕಿ, ಒಳಗಿನಿಂದ ಚಹಾ ತಂದುಕೊಟ್ಟ. ತಾನು ಒಳಗೆ ನಿಂತು ಕುಡಿದ. ಕಾರ್ಮಿಕರ ಬಸ್ಸು ನಮ್ಮ ನಡುವೆ ಧೂಳೆಬ್ಬಿಸಿ ಕ್ಯಾಂಪಿಗೆ ಹೋಯಿತು. ಕ್ಯಾಂಪಿಗೆ ಹೋಗಲಿಕ್ಕೂ ಪಾಸ್ ಬೇಕು.

2 ಸೆಪ್ಟೆಂಬರ್, ಶುಕ್ರವಾರ

ಪಾಸ್ ಇಲ್ಲದೆ ಒಳಗೆ ಬಿಡುವ ಜಾಗ ಈ ಊರಲ್ಲಿ ಒಂದೇ, ನಮ್ಮ ಚರ್ಚು, ಇಗರ್ಜಿ.

ಇವತ್ತಿನ ಪೂಜೆಗೆ ಎಡ್ವರ್ಡ್ ಜೊತೆ ಇನ್ನೊಬ್ಬ ಬಂದಿದ್ದ. ಎಡ್ವರ್ಡ್ ಕಿನ್ನಿಗೋಳಿಯವನು, ಸೈಟಿನಲ್ಲಿ ಪೈಪ್ ಫಿಟ್ಟರ್, ನಮ್ಮ ಗಾಯನ ಮಂಡಳಿಯಲ್ಲಿ ಒಳ್ಳೆಯ ಸ್ವರ. ಜೊತೆಗಿದ್ದವನು ಪೂವಪ್ಪ, ಪುತ್ತೂರಿನ ಕಡೆಯವನು. ಸೈಟಿನ ಲಿಫ್ಟ್ ನಡೆಸುವುದು ಅವನೇ. ಕೆಳಗೆ ನಿಂತು ಲಿವರ್ ಎಳೆದರೆ ಮೇಲೆ ಹೋಗುತ್ತದೆ, ಬಿಟ್ಟರೆ ನಿಲ್ಲಬೇಕು. ಪೂವಪ್ಪ ನನ್ನ ಪಕ್ಕದಲ್ಲೇ ಮೊಣಕಾಲೂರಿ, ಎಲ್ಲರೂ ಎದ್ದಾಗ ಎದ್ದು, ಕುಳಿತಾಗ ಕುಳಿತು, ಮುಗಿಯುವವರೆಗೆ ತುಟಿಪಿಟಕ್ಕೆನ್ನಲಿಲ್ಲ. ಪಾದ್ರಿಯವರು ಹೊಸ ಭಕ್ತ ಸಿಕ್ಕಿದನೆಂದು ಅವನ ತಲೆ ನೇವರಿಸಿ ಹೋದರು. ಅಂಗಳಕ್ಕೆ ಬಂದ ಮೇಲೆ ಅವನ ಬಾಯಿ ಬಿಚ್ಚಿತು, ಊರಿನಲ್ಲಿ ಕ್ರಿಶ್ಚಿಯನ್ನರನ್ನು ಗೌರವದಿಂದ ಕರೆಯುವ ಹಾಗೆ ಪೊರ್ಬುಗಳೇ ಎಂದೇ ಶುರು.

"ಪೊರ್ಬುಗಳೇ, ನೀವು ನಮ್ಮ ಲೀಡರ್ ಅಂತೆ? ನೋಟಿಸ್ ಬೋರ್ಡಿನಲ್ಲಿ ಹೆಸರು ಉಂಟು."

"ಲೀಡರ್ ಅಲ್ಲ, ಪ್ರತಿನಿಧಿ."

"ಎಂತದೋ ಒಂದು. ನಮ್ಮ ಲಿಫ್ಟ್ ನಿಲ್ಲುದಿಲ್ಲ. ಬ್ರೇಕ್ ಹೋಗಿದೆ. ಬಿಟ್ರೆ ಜಾರ್ತದೆ."

"ಅದು ಸಾಮಾನಿನ ಲಿಫ್ಟ್ ಅಲ್ವಾ?"

"ಹೌದು. ಮನುಷ್ಯರು ಹತ್ತಬಾರದು ಅಂತ ಇಷ್ಟು ದೊಡ್ಡ ಬೋರ್ಡ್ ಉಂಟು. ಫೋರ್‌ಮನ್ ಎಲ್ಲರನ್ನೂ ಅದ್ರಲ್ಲೇ ಹತ್ತಿಸುದು. ಮೆಟ್ಟಿಲಲ್ಲಿ ಹೋದ್ರೆ ಕೆಲಸದ ಹೊತ್ತು ಹಾಳಂತೆ." ಅವನು ಎರಡೂ ಕೈ ಚಾಚಿ ನನ್ನ ಮುಖದ ಹತ್ತಿರ ಹಿಡಿದ. "ಲಿವರ್ ಎಳೆಯುವ ಕೈ ಇದು ಪೊರ್ಬುಗಳೇ. ಯಾರಾದ್ರೂ ಬಿದ್ದು ಸತ್ರೆ ಕೊಂದವ ನಾನೇ. ಜೈಲಿಗೆ ಹೋಗುದೂ ನಾನೇ. ಓಡಿಸುದಿಲ್ಲ ಅಂದ್ರೆ ವೀಸಾ ಕೊಟ್ಟ ಧಣಿ, ಆ ಕಫೀಲ್, ನಾಳೆಯೇ ವೀಸಾ ಹರಿದು ವಿಮಾನ ಹತ್ತಿಸ್ತಾನೆ. ನೀವು ಒಮ್ಮೆ ಬಂದು ಕಣ್ಣಲ್ಲಿ ನೋಡಿ ಹೇಳಿ, ಸಾಕು."

ನೋಡುವ ಎಂದೆ. ಏನಾದರೂ ಹೇಳಬೇಕಲ್ಲ.

5 ಸೆಪ್ಟೆಂಬರ್, ಸೋಮವಾರ

ಸೈಟಿಗೆ ಹೋಗಲು ಪಾಸ್ ಕೇಳಿದೆ. ಮೂರ್ತಿಯವರಿಗೆ ನನ್ನ ಉತ್ಸಾಹ ಕಂಡು ಕಳವಳವಾಯಿತು. ಆದರೂ ಅವರು ನಿಯಮ ಬಿಟ್ಟು ನಡೆಯುವವರಲ್ಲ, ನಿಯಮ ಇಲ್ಲದಿದ್ದರೆ ಮಾಡಿಯಾದರೂ ನಡೆಯುವವರು. ಅಲ್ಲೇ ಹೇಳಿ ನನ್ನಿಂದಲೇ ಟೈಪ್ ಮಾಡಿಸಿದರು.

ಪ್ರತಿನಿಧಿ ಮೊದಲೇ ಲಿಖಿತ ಅರ್ಜಿ ಕೊಡಬೇಕು. ಕಾರಣ ತಿಳಿಸಬೇಕು. ಆ ಕಾರಣ ಸಂಬಳ, ಹೊತ್ತು, ಪರಿಸ್ಥಿತಿ ಈ ಮೂರಕ್ಕೂ ಸಂಬಂಧಿಸಿರಬಾರದು. ಕೆಲಸ ನಡೆಯುವಾಗ ಹೋಗಬಾರದು. ಕೆಲಸ ನಡೆಯದಿರುವಾಗ ಗೇಟಿಗೆ ಬೀಗ, ಆಗಲೂ ಹೋಗಬಾರದು. ಉಳಿದ ಎಲ್ಲ ಸಮಯದಲ್ಲಿ ಪ್ರತಿನಿಧಿಗೆ ಪ್ರವೇಶದ ಹಕ್ಕು ಇದೆ.

"ಹಕ್ಕು ಅಂತ ಸ್ಪಷ್ಟವಾಗಿ ಹಾಕಿದೀನಿ ನೋಡಿ" ಎಂದರು ಮೂರ್ತಿಯವರು. ನಿಜವಾಗಿಯೂ ಹೆಮ್ಮೆಪಟ್ಟುಕೊಂಡಿದ್ದರು ಪುಣ್ಯಾತ್ಮರು.

10 ಸೆಪ್ಟೆಂಬರ್, ಶನಿವಾರ

ಗುರುವಾರ ಮೊಂತಿ ಹಬ್ಬ, ಮಾತೆ ಮರಿಯಮ್ಮನವರ ಹುಟ್ಟಿದ ದಿನ. ಅದರ ಶುಭಾಶಯ ಹೇಳಲು ಸೈಟಿಗೆ ಹೋಗಬೇಕೆಂದು ಅರ್ಜಿ ಕೊಟ್ಟೆ. ಅದು ರಜೆಯ ಪಟ್ಟಿಯಲ್ಲಿ ಇಲ್ಲ, ಆದ್ದರಿಂದ ಹಬ್ಬವಲ್ಲ ಎಂದು ವಾಪಸು ಬಂತು. ಮಾತೆ ಮರಿಯಮ್ಮನವರಿಗೆ ಈ ವಿಷಯ ಇನ್ನೂ ತಿಳಿದಿರಲಾರದು. ಮರುದಿನ ಗಣೇಶ ಚೌತಿ. ಅದಕ್ಕೊಂದು ಅರ್ಜಿ ಕೊಟ್ಟೆ.

"ನೀವು ಕ್ರಿಶ್ಚಿಯನ್ ಅಲ್ವೇನ್ರೀ? ನಿಮಗ್ಯಾಕೆ ಗಣೇಶನ ಗೊಡವೆ?"

ಮೂರನೆಯದರಲ್ಲಿ ಕಾರಣದ ಜಾಗದಲ್ಲಿ "ನೋಡಲು" ಎಂದಷ್ಟೇ ಬರೆದೆ. ಅದು ಪರಿಶೀಲನೆಯಲ್ಲಿದೆ.

16 ಸೆಪ್ಟೆಂಬರ್, ಶುಕ್ರವಾರ

ಎಡ್ವರ್ಡ್ ಇಗರ್ಜಿಯಲ್ಲಿ ಕುರ್ಚಿಯ ಮೇಲೆ ಕುಳಿತು ಹಾಡಿದ. ಮೊಣಕಾಲಿನಿಂದ ಪಾದದವರೆಗೆ ಬ್ಯಾಂಡೇಜು. ಬುಧವಾರ ಪೈಪುಗಳ ಜೊತೆ ಅವನನ್ನೂ ಏರಿಸುವಾಗ ಲಿಫ್ಟ್ ನಡುವೆ ನಿಂತಂತೆ ಮಾಡಿ, ಸೀದಾ ಜಾರಿ ನೆಲಕ್ಕೆ ಬಡಿಯಿತಂತೆ. ಪೈಪುಗಳಿಗೆ ಏನೂ ಆಗಿಲ್ಲ ಎಂದು ಆಫೀಸಿಗೆ ವರದಿ ಬಂದಿತ್ತು. ಎಡ್ವರ್ಡನ ವಿಷಯ ಅದರಲ್ಲಿರಲಿಲ್ಲ.

"ಹಾಡಲಿಕ್ಕೆ ಕಾಲು ಬೇಡವಲ್ಲ" ಎಂದು ಅವನು ನಕ್ಕ. ನನಗೆ ನಗಲಾಗಲಿಲ್ಲ.

ಪೂವಪ್ಪ ಒಳಗೆ ಬರಲಿಲ್ಲ. ಕಾಂಪೌಂಡಿನ ಹೊರಗೆ ನೆರಳಲ್ಲಿ ಕುಕ್ಕರಗಾಲಲ್ಲಿ ಕುಳಿತು ಅಳುತ್ತಿದ್ದ. ದೊಡ್ಡ ಗಂಡಸು, ಮೀಸೆಯೆಲ್ಲ ಒದ್ದೆ. "ಕೈ ನನ್ನದು, ಕೈ ನನ್ನದು" ಎಂಬುದೊಂದೇ ಮಾತು. ನಾನೇನು ಹೇಳಲಿ? ಅರ್ಜಿ ಪರಿಶೀಲನೆಯಲ್ಲಿದೆ ಎನ್ನಲೇ?

20 ಸೆಪ್ಟೆಂಬರ್, ಮಂಗಳವಾರ

ಎರಡನೆಯ ಸಭೆ. ಎಡ್ವರ್ಡನ ಕಾಲಿನ ಮಾತು ಎತ್ತಿದೆ.

"ಅದು ಕೆಲಸದ ಪರಿಸ್ಥಿತಿ" ಎಂದರು ಮೂರ್ತಿಯವರು.

"ಕಾಲು ಸರ್. ಅವನ ಸ್ವಂತ ಕಾಲು."

"ಕೆಲಸದ ಹೊತ್ತಿನಲ್ಲಿ ಮುರೀತಲ್ಲಾ?" ಆಮೇಲೆ ತಣ್ಣಗೆ ಸೇರಿಸಿದರು: "ತಪ್ಪು ಆಪರೇಟರನದು ಅಂತ ಸಾಹೇಬರಿಗೆ ಬರೆದುಕೊಟ್ಟಿದೀನಿ. ರಾಷ್ಟ್ರೀಯ ದಿನದವರೆಗೆ ಓಡಿಸ್ಲಿ. ಆಮೇಲೆ ಪೊಲೀಸಿಗೆ ಕೊಡೋದೋ ಊರಿಗೆ ಕಳಿಸೋದೋ ನೋಡೋಣ."

ಅಂದರೆ ಪೂವಪ್ಪ ಇನ್ನೂ ಕೆಲವರನ್ನು ಬೀಳಿಸುವಷ್ಟು ದಿನ ಕೆಲಸದಲ್ಲಿ ಇರಬಹುದು. ದಯಾಮಯರು.

ಉಳಿದ ಸಮಯ ಹಬ್ಬದ ಚರ್ಚೆ. ಆಯುಧಪೂಜೆಯನ್ನು ಈ ಸಲ ಸೈಟಿನಲ್ಲೇ, ಲಿಫ್ಟಿಗೇ ಮಾಡಿದರೆ ಹೇಗೆ ಎಂದು ನಾನು ಕೇಳಿದೆ. ಯಾಕೆ ಕೇಳಿದೆನೋ. ಮಂಗಳೂರಿನಲ್ಲಿ ಪ್ರೆಸ್ಸಿನಲ್ಲಿದ್ದಾಗ ತಿಂದ ಪ್ರಸಾದದ ಅವಲಕ್ಕಿ ನೆನಪಾಗಿರಬೇಕು. "ಪೂಜೆ ನೀವೇ ಮಾಡಿದರೆ ಚೆನ್ನ ಸರ್, ಮಂತ್ರ ಬಲ್ಲವರು" ಎಂದೂ ಅಂದೆ. ಮೂರ್ತಿಯವರ ಮುಖ ಅರಳಿತು. ಸರ್ವಾನುಮತದಿಂದ ಪಾಸಾಯಿತು. ಡ್ರೈವರ್ ಈ ಸಲವೂ ಬಿಸ್ಕತ್ತನ್ನು ಮೆಚ್ಚಿದ.

3 ಅಕ್ಟೋಬರ್, ಸೋಮವಾರ

ಚಹಾ ಈಗ ಬಾಲ್ಕನಿಯಲ್ಲೇ. ಲಿಫ್ಟ್ ಮೇಲೆ ಹೋಗುವಾಗ ಲೋಟ ಕೆಳಗಿಡುತ್ತೇನಂತೆ, ಅದು ನಿಂತ ಮೇಲೆ ಎತ್ತಿಕೊಳ್ಳುತ್ತೇನಂತೆ. ಇದು ಒಲಿಂಡಾಳ ಆರೋಪ. "ಆ ಕಟ್ಟಡವನ್ನೇ ಮದುವೆಯಾಗು" ಎಂದಳು. ಏನೇನೋ ಹೇಳುತ್ತಾಳೆ. ಚಹಾ ಬಿಸಿ ಇರುತ್ತದೆ, ಅದಕ್ಕೆ ಕೆಳಗಿಡುತ್ತೇನೆ.

13 ಅಕ್ಟೋಬರ್, ಗುರುವಾರ

ಅರ್ಧ ದಿನದ ಕೆಲಸದ ನಂತರ ಆಯುಧಪೂಜೆ. ಆಫೀಸಿನವರಿಗೆಲ್ಲ ಆಮಂತ್ರಣ ಇದ್ದುದರಿಂದ ಬಾದುಶಾ ಇವತ್ತು ಪಾಸ್ ಕೇಳಲಿಲ್ಲ. ಪ್ರತಿನಿಧಿಯಾಗಿ ಹೋಗಲಾರದ ಜಾಗಕ್ಕೆ ಅವಲಕ್ಕಿ ತಿನ್ನುವವನಾಗಿ ಹೋದೆ.

ಲಿಫ್ಟನ್ನು ಹತ್ತಿರದಿಂದ ನೋಡಿದೆ. ಬ್ರೇಕಿನ ಜಾಗದಲ್ಲಿ ಸರಳು ಕಟ್ಟುವ ತಂತಿ ಸುತ್ತಿದ್ದಾರೆ. ಎಡ್ವರ್ಡ್ ಬಿದ್ದ ಮೇಲೆ ಫೋರ್‌ಮನ್ ಮಾಡಿಸಿದ ರಿಪೇರಿ. ಪೂವಪ್ಪ ಅದರ ಮೇಲೆಯೇ ಚೆಂಡುಹೂವಿನ ಮಾಲೆ ಹಾಕಿದ್ದ. ಬೋರ್ಡಿಗೂ ಕುಂಕುಮ: "ಮನುಷ್ಯರು ಹತ್ತಬಾರದು" ಎಂಬುದು ಇಂಗ್ಲಿಷ್, ಅರಬಿ, ಹಿಂದಿ ಮೂರರಲ್ಲೂ ಕೆಂಪಗಾಗಿತ್ತು.

ಮೂರ್ತಿಯವರು ಪಂಚೆಯಲ್ಲಿ ಬಂದು ಭರ್ಜರಿ ಪೂಜೆ ಮಾಡಿದರು. ಬೂದುಗುಂಬಳ ಒಡೆದರು. ಎದುರಿಗೆ ನೆರೆದ ಜನ ಕಂಡು ಹುಮ್ಮಸ್ಸು ಬಂದು ಭಾಷಣಕ್ಕೂ ನಿಂತರು.

"ನೋಡಿ, ಪೂಜೆಗೆ ಇಟ್ಟ ಯಂತ್ರ ಯಾರೂ ಮುಟ್ಟಕೂಡದು. ಮಾಡಿದೋರೇ ನಾಳೆ ಅಕ್ಷತೆ ಹಾಕಿ ಪೂಜೆ ಕದಲಿಸ್ಬೇಕು. ಆಮೇಲೆ ಮಾಡಿದೋರೇ ಮೊದಲು ಹತ್ಬೇಕು, ಹೊಸ ಕಾರಿಗೆ ಮಾಡ್ತೀವಲ್ಲ, ಹಾಗೆ. ಶಾಸ್ತ್ರ ಅಂದ್ಮೇಲೆ ಶಾಸ್ತ್ರ."

"ಕೇಳಿದಿರಾ ಎಲ್ಲರೂ?" ಎಂದು ನಾನು ಗಟ್ಟಿಯಾಗಿ ಕೇಳಿದೆ. ಹಿಂದೆ ನಿಂತವರಿಗೆ ಕೇಳಿಸಿರಲಿಕ್ಕಿಲ್ಲ ಎಂದು ಅಷ್ಟೇ. ಪೂವಪ್ಪನಿಗೂ ಇನ್ನೊಮ್ಮೆ ಬಿಡಿಸಿ ಹೇಳಿದೆ. ಅವಲಕ್ಕಿಗೆ ಬೆಲ್ಲ ಸ್ವಲ್ಪ ಕಡಿಮೆಯಾಗಿತ್ತು.

14 ಅಕ್ಟೋಬರ್, ಶುಕ್ರವಾರ

ವಿಜಯದಶಮಿ. ಮೂರ್ತಿಯವರು ಪೂಜೆ ಕದಲಿಸಲು ಸೈಟಿಗೆ ಬರಲಿಲ್ಲ. ಮೈಸೂರಿನವರ ಕೂಟದಲ್ಲಿ ಹೋಳಿಗೆ ಊಟವಂತೆ. ಮರೆತಿರಬೇಕು. ಫೋನು ಮಾಡಿ ನೆನಪಿಸಬಹುದಿತ್ತು. ರಜೆಯ ದಿನ ದೊಡ್ಡವರಿಗೆ ತೊಂದರೆ ಕೊಡುವುದೇಕೆ ಎಂದು ಸುಮ್ಮನಾದೆ.

15 ಅಕ್ಟೋಬರ್, ಶನಿವಾರ

ಬೆಳಿಗ್ಗೆ ಆಫೀಸು ತೆರೆಯುವ ಮೊದಲೇ ಫೋನು ಹೊಡೆದುಕೊಳ್ಳುತ್ತಿತ್ತು. ಸೈಟಿನಿಂದ ಪ್ರಾಜೆಕ್ಟ್ ಮ್ಯಾನೇಜರ್ ಸಾಹೇಬರು. ಸ್ಕಾಟ್ಲೆಂಡಿನವರು, ಸಿಟ್ಟು ಬಂದರೆ ಅವರ ಇಂಗ್ಲಿಷು ಅವರ ಹೆಂಡತಿಗೂ ಅರ್ಥವಾಗುವುದಿಲ್ಲವಂತೆ. ಲಿಫ್ಟ್ ನಿಂತಿದೆ ಎಂಬುದಷ್ಟು ತಿಳಿಯಿತು. ಮೂರ್ತಿಯವರು ಹೋಳಿಗೆ ಡಬ್ಬಿ ಮೇಜಿನ ಮೇಲೆ ಬಿಟ್ಟು ಎದ್ದರು.

"ಬನ್ರೀ ನೊರ್ಬರ್ಟ್. ನೀವು ಕಾರ್ಮಿಕ ಪ್ರತಿನಿಧಿ ತಾನೆ? ಬಂದು ಸಮಾಧಾನ ಮಾಡಿ."

ನಾನು ಪ್ರತಿನಿಧಿ ಎಂಬುದು ಅವರಿಗೆ ನೆನಪಾದದ್ದು ಅದೇ ಮೊದಲು. ಗೇಟಿನಲ್ಲಿ ಬಾದುಶಾ ಕಾರು ತಡೆದ.

"ಪಾಸ್ ಉಂಟಾ ಸಾರ್?"

"ಪಾಸ್ ಕೊಡೋನೇ ನಾನು ಕಣಯ್ಯಾ!"

"ಹೌದು ಸಾರ್. ನಿಮ್ಮದು ಉಂಟಾ?"

ಮೂರ್ತಿಯವರು ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು, ಕೈ ಸುಟ್ಟುಕೊಂಡು, ತಮಗೆ ತಾವೇ ಪಾಸ್ ಬರೆದು ಸಹಿ ಹಾಕಿದರು. ನನ್ನನ್ನು ತೋರಿಸಿ, "ಇವರು ಕಾರ್ಮಿಕ ಪ್ರತಿನಿಧಿ" ಎಂದರು.

"ಹಾಗಾದ್ರೆ ಖಂಡಿತ ಬಿಡ್ಲಿಕ್ಕಿಲ್ಲ ಸಾರ್. ಕೆಲಸ ನಡೆಯುವಾಗ ಪ್ರತಿನಿಧಿಯನ್ನು ಬಿಡಬಾರದು ಅಂತ ಹೊಸ ನೋಟಿಸಲ್ಲಿ ಉಂಟು."

ಒಳಗಿನಿಂದ ಸಾಹೇಬರು, ಬೇಗ ಬನ್ನಿ ಎಂಬುದನ್ನು ಅರಬಿಯಲ್ಲಿ, "ಯಲ್ಲಾ! ಯಲ್ಲಾ!" ಎಂದು ಕಿರುಚಿದರು. ಒಂದು ತಿಂಗಳು ಅರ್ಜಿ ಬರೆದು ಆಗದ್ದು ಎರಡು ಯಲ್ಲಾದಲ್ಲಿ ಆಯಿತು.

ಜನರೆಲ್ಲ ಗೋಡೆಯ ನೆರಳಲ್ಲಿ ನಿಂತಿದ್ದರು. ಕೂತಿರಲಿಲ್ಲ, ಕೂತರೆ ಮುಷ್ಕರ ಎನ್ನುತ್ತಾರೆಂದು ಪೂವಪ್ಪ ಎಲ್ಲರನ್ನೂ ನಿಲ್ಲಿಸಿದ್ದ. ಇದು ಮುಷ್ಕರವೋ ಎಂದು ಸಾಹೇಬರು ಕೇಳಿದರು. ಅಲ್ಲ, ಯಾವ ಕೆಲಸ ಹೇಳಿದರೂ ಮಾಡುತ್ತೇವೆ, ಪೂಜೆಗಿಟ್ಟ ಲಿಫ್ಟ್ ಮಾತ್ರ ಮುಟ್ಟುವ ಹಾಗಿಲ್ಲ, ಮೂರ್ತಿ ಸಾರ್ ಅವರೇ ಹೇಳಿದ್ದಾರೆ ಎಂದರು. ಸಾಹೇಬರು ಮೂರ್ತಿಯವರನ್ನು ನೋಡಿದ ನೋಟಕ್ಕೆ ಭಾಷೆ ಬೇಕಿರಲಿಲ್ಲ.

ಮೂರ್ತಿಯವರು ಅಕ್ಷತೆ ಹಾಕಿ, ಮಾಲೆಯನ್ನು ಒಂಚೂರು ಸರಿಸಿ, ಪೂಜೆ ಕದಲಿಸಿದರು. "ಆಯ್ತು, ಖಲಾಸ್, ಶುರು ಮಾಡಿ."

"ಮಾಡಿದವರು ಮೊದಲು ಹತ್ತಬೇಕಲ್ಲ ಸರ್?" ಎಂದು ಯಾರೋ ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದ್ದರಿಂದ ಸ್ವರ ನನ್ನದೇ ಇರಬೇಕು.

ಪೂವಪ್ಪ ಲಿಫ್ಟಿನ ಮುಂದೆ ನೆಲಕ್ಕೆ ಲಿಂಬೆಹಣ್ಣು ಇಟ್ಟು, ಲಿವರಿನ ಹತ್ತಿರ ಹೋಗಿ ನಿಂತ. ಮೂರ್ತಿಯವರು ಒಂದು ಕಾಲು ಹಲಗೆಯ ಮೇಲಿಟ್ಟರು. ಹಲಗೆ ಕಿರುಗುಟ್ಟಿತು. ಬಾಡಿದ ಮಾಲೆಯ ಸಂದಿಯಲ್ಲಿ ಅವರಿಗೆ ಏನೋ ಕಂಡಿತು.

"ಏನಯ್ಯಾ ಇದು ತಂತಿ?"

"ಬ್ರೇಕ್ ಸಾರ್."

ಕಾಲು ಕೆಳಗೆ ಬಂತು. ಮೂರ್ತಿಯವರು ಸುತ್ತಲೂ ನೋಡಿದರು. ಆಮೇಲೆ ಕುಂಕುಮದ ಬೋರ್ಡು ಕಣ್ಣಿಗೆ ಬಿತ್ತು, ಮುಖದಲ್ಲಿ ಜೀವ ಬಂತು.

"ಬೋರ್ಡ್ ಇದೆಯಲ್ಲಯ್ಯಾ! ಇದ್ರಲ್ಲಿ ಮನುಷ್ಯರು ಹತ್ತೋ ಹಾಗೇ ಇಲ್ಲ."

ಪೂವಪ್ಪ ಲಿವರ್ ಬಿಟ್ಟು ಮುಂದೆ ಬಂದ. ಗಲಾಟೆ ಮಾಡಲಿಲ್ಲ, ತಿಳಿಯದೆ ಕೇಳುವವನಂತೆ ಕೇಳಿದ.

"ಮತ್ತೆ ಇಷ್ಟು ದಿನ ನಾನು ಹತ್ತಿಸಿದ್ದು ಯಾರನ್ನು ಸಾರ್?"

ಸಾಹೇಬರು ಏನೆಂದ ಎಂದು ಕೇಳಿದರು. ಹಬ್ಬದ ಶುಭಾಶಯ ಹೇಳುತ್ತಿದ್ದಾನೆ ಎಂದರು ಮೂರ್ತಿಯವರು. ಸಾಹೇಬರು ನನ್ನ ಕಡೆ ತಿರುಗಿದರು. ಒಲಿಂಡಾ ಹೇಳಿದ್ದು ನೆನಪಿತ್ತು. ಇಸಾಬೆಲ್ಲಾಳ ಶಾಲೆ, ಫ್ಲ್ಯಾಟು ಎಲ್ಲ ನೆನಪಿತ್ತು. ಆದರೂ ನಾನು ಅನುವಾದ ಮಾಡಿದೆ, ಅಷ್ಟೇ. ಫೋರ್‌ಮನ್ ಜನರನ್ನು ಹತ್ತಿಸುವುದು, ಎಡ್ವರ್ಡನ ಕಾಲು, ತಂತಿ ಇವೆಲ್ಲ ಪೂವಪ್ಪನ ಮಾತಿನಲ್ಲಿ ಇರಲಿಲ್ಲ, ನಿಜ. ಅನುವಾದದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ.

ಸಾಹೇಬರು ಹೋಗಿ ಮಾಲೆ ಕಿತ್ತು ತಂತಿ ಮುಟ್ಟಿ ನೋಡಿದರು. ಕಾರ್ಮಿಕರ ಮೇಲಿನ ಪ್ರೀತಿಯೇನಲ್ಲ. ರಾಷ್ಟ್ರೀಯ ದಿನಕ್ಕೆ ಮುಂಚೆ ಇದು ಬಿದ್ದರೆ ತಮ್ಮ ಕೆಲಸ ಹೋಗುತ್ತದೆ ಎಂದು ಅವರೇ ಕೂಗಿದರು. ಹೊಸ ಬ್ರೇಕ್ ಬರುವವರೆಗೆ ಲಿಫ್ಟಿಗೆ ಬೀಗ. ಬಂದ ಮೇಲೂ ಸಾಮಾನು ಮಾತ್ರ. ಆಮೇಲೆ, ತಪ್ಪು ಆಪರೇಟರನದು ಎಂದು ತಮಗೆ ಬರೆದುಕೊಟ್ಟವನು ಯಾರು ಎಂದು ಕೇಳಿದರು. ಮೂರ್ತಿಯವರು ನೆಲದ ಮೇಲಿದ್ದ ಲಿಂಬೆಹಣ್ಣು ನೋಡುತ್ತಿದ್ದರು.

ಪೂವಪ್ಪ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಆಮೇಲೆ ಅದೇ ಕೈಯಿಂದ ಲಿಫ್ಟಿಗೆ ಬೀಗ ಹಾಕಿ ಬಂದ.

18 ಅಕ್ಟೋಬರ್, ಮಂಗಳವಾರ

ಈಗ ಎಲ್ಲರೂ ಮೆಟ್ಟಿಲು ಹತ್ತಬೇಕು. "ನಮ್ಮ ಲೀಡರ್‌ನಿಂದಾಗಿ ಮೊಣಕಾಲು ಹೋಯ್ತು" ಎಂದು ಸೈಟಿನಲ್ಲಿ ಬೈಯುತ್ತಾರೆ ಎಂದು ಬಾದುಶಾ ಸಂಭ್ರಮದಿಂದ ವರದಿ ಮಾಡಿದ. ಸೈಟಿನವರೆಲ್ಲ ಮೊದಲ ಸಲ ಲೀಡರ್ ಎಂದರಂತೆ, ಅದೂ ಬೈಯುವಾಗ.

ಚಹಾ ಪೂರ್ತಿ ಕುಡಿದೆ. ಒಲಿಂಡಾ ನೋಡುತ್ತಿದ್ದಳು, ಖಾಲಿ ಲೋಟ ಎತ್ತಿಕೊಂಡು ಹೋದಳು.

22 ಅಕ್ಟೋಬರ್, ಶನಿವಾರ

ಕಮಿಟಿ ಪುನರ್ರಚನೆಯಾಗಿದೆ. ನನ್ನ ಅಮೂಲ್ಯ ಸೇವೆಗೆ ಧನ್ಯವಾದ. ನನ್ನ ಜಾಗಕ್ಕೆ ಸಾಹೇಬರ ಅಡುಗೆಯವನು ಬಂದಿದ್ದಾನೆ. ಇನ್ನು ಬಿಸ್ಕತ್ತಿನ ಗುಣಮಟ್ಟ ಪರಿಣತರ ಕೈಯಲ್ಲಿ.

ಜೊತೆಗೆ ನನಗೆ ವರ್ಗ. ಮುಂದಿನ ತಿಂಗಳಿಂದ ದೂರದ ಒಳನಾಡಿನ ಇಬ್ರಾದಲ್ಲಿ, ಉಗ್ರಾಣದ ಗುಮಾಸ್ತನಾಗಿ. "ಹವೆ ಚೆನ್ನಾಗಿದೆ ಕಣ್ರೀ, ನಿಮಗೆ ವಿಶ್ರಾಂತಿ ಬೇಕು" ಎಂದರು ಮೂರ್ತಿಯವರು. ಬೈದರೂ ಹರಸಿದ ಹಾಗೇ ಕೇಳಿಸುತ್ತದೆ ಎಂದಿದ್ದೆನಲ್ಲ.

ಒಲಿಂಡಾ ಅತ್ತಳು. ಅವಳೂ ಇಸಾಬೆಲ್ಲಾಳೂ ಶಾಲೆಗಾಗಿ ಇಲ್ಲೇ ಇರಬೇಕು, ನಾನು ಗುರುವಾರ ಬಂದು ಶುಕ್ರವಾರ ಸಂಜೆ ಹಿಂದಿರುಗಬೇಕು. "ಬಾಯಿ ಬಿಡಬೇಡ ಅಂದಿದ್ದೆ" ಎಂದಳು. ಆಮೇಲೆ, "ಎಡ್ವರ್ಡನ ಹೆಂಡತಿ ಊರಿನಿಂದ ಫೋನು ಮಾಡಿದ್ದಳು" ಎಂದಳು. ಏನಂದಳು ಎಂದು ಕೇಳಿದರೆ ಎದ್ದು ಅಡುಗೆಮನೆಗೆ ಹೋದಳು. ಊಟಕ್ಕೆ ಮಾತ್ರ ನನಗಿಷ್ಟವಾದ ಹಂದಿ ಮಾಂಸ ಇಲ್ಲದಿದ್ದರೂ ಕೋಳಿ ಸುಕ್ಕಾ ಮಾಡಿದ್ದಳು.

29 ಅಕ್ಟೋಬರ್, ಶನಿವಾರ

ನನ್ನ ಗೇಟ್ ಪಾಸ್ ಬಂತು! ಸೆಪ್ಟೆಂಬರಿನ ಮೂರನೆಯ ಅರ್ಜಿ ಮಂಜೂರಾಗಿದೆ. ಕಾರಣ: ನೋಡಲು. ಷರತ್ತು: ಯಾರೊಂದಿಗೂ ಮಾತಾಡಬಾರದು. ಒಂದು ದಿನಕ್ಕೆ ಮಾತ್ರ, ಆ ದಿನ ನಿನ್ನೆ. ನಿನ್ನೆ ಶುಕ್ರವಾರ, ಗೇಟಿಗೆ ಬೀಗ.

ಬಾದುಶಾಗೆ ತೋರಿಸಿದೆ. ಅವನು ತಿರುಗಿಸಿ ಮುರುಗಿಸಿ ನೋಡಿ, "ತಾರೀಕು ಹೋಗಿದೆ ಸಾರ್" ಎಂದ. ಆಮೇಲೆ ಕುರ್ಚಿಯನ್ನು ಗೇಟಿನ ಹೊರಗೆ ಹಾಕಿ, ಇನ್ನೊಂದು ಕುರ್ಚಿ ತಂದು, ತಾನೂ ಹೊರಗೆ ಬಂದು ನನ್ನ ಪಕ್ಕ ಕುಳಿತ.

2 ನವೆಂಬರ್, ಬುಧವಾರ, ಇಬ್ರಾ

ಬಂದು ಸೇರಿದೆ. ಸೂಕ್ ಎಂಬ ಪೇಟೆಬೀದಿಯ ಹತ್ತಿರ ಒಂದು ಕೋಣೆ ಕೊಟ್ಟಿದ್ದಾರೆ. ಸಾಮಾನು ಬಿಚ್ಚಿದರೆ ಬಟ್ಟೆಗಳ ನಡುವೆ ಬಿಳಿ ಹೆಲ್ಮೆಟ್. ಯಾರು ಇಟ್ಟರೋ. ಫೋನಿನಲ್ಲಿ ಒಲಿಂಡಾಳನ್ನು ಕೇಳಿದರೆ ಗೊತ್ತಿಲ್ಲ ಎನ್ನುತ್ತಾಳೆ, ನನಗೆ ಗೊತ್ತು.

ಉಗ್ರಾಣ ಹುಡುಕಿಕೊಂಡು ಹೋದೆ. ಅದು ಪೇಟೆಯಲ್ಲಿ ಇರಬೇಕೆಂದುಕೊಂಡಿದ್ದೆ. ಇಲ್ಲ, ಹೊಸ ಕಟ್ಟಡದ ಸೈಟಿನ ಬೇಲಿಯ ಒಳಗೇ ಇದೆ. ಗೇಟಿನಲ್ಲಿ ಒಬ್ಬ ಮುದಿ ಪಠಾಣ. ಪಾಸ್ ಬೇಕೇ ಎಂದು ಹಿಂದಿಯಲ್ಲಿ ಕೇಳಿದೆ. ಅವನಿಗೆ ನಗು ಬಂತು, ಒಳಗಿನವನಿಗೆ ಪಾಸ್ ಯಾಕೆ ಎಂದ. "ಪಾಸ್ ಕೈಕು? ಆಪ್ ತೋ ಅಂದರ್ ಕಾ ಆದ್ಮಿ ಹೈ."

ಕಾರ್ಮಿಕರ ಹತ್ತಿರ ಸುಳಿಯದಂತೆ ನನ್ನನ್ನು ದೂರ ಕಳಿಸಲು ಹೋಗಿ, ಮೂರ್ತಿಯವರು ಅವರ ಮಧ್ಯೆಯೇ ಕೂರಿಸಿದ್ದಾರೆ. ಅವರಿಗಿನ್ನೂ ಹೊಳೆದಿಲ್ಲ. ನಾನು ಹೇಳಿ ಅವರ ನೆಮ್ಮದಿ ಕೆಡಿಸುವುದಿಲ್ಲ.

ಮಧ್ಯಾಹ್ನ ಗಾರೆಯವನೊಬ್ಬ ಬಾಗಿಲಲ್ಲಿ ನಿಂತ. ಬಂಟ್ವಾಳದ ಕಡೆಯ ಮಾತು. "ಗುಬ್ರಾದ ಲಿಫ್ಟ್ ನಿಲ್ಲಿಸಿದ ಪೊರ್ಬುಗಳು ನೀವಾ?"

"ಅಲ್ಲ ಮಾರಾಯಾ. ನಾನು ಸ್ಟೋರಿನವ."

"ಹಾಗಾ? ಮೇಲೆ ನಾವು ನಿಂತು ಕೆಲಸ ಮಾಡುವ ಸಾರವೆಯ ಹಲಗೆ ಒಡೆದಿದೆ. ಹೇಳಿದ್ರೆ ಯಾರೂ ಕೇಳುದಿಲ್ಲ."

"ನಾನೀಗ ಪ್ರತಿನಿಧಿ ಅಲ್ಲ" ಎಂದೆ. ಅವನು ಹೋಗಲಿಲ್ಲ. ಅಲ್ಲೇ ನಿಂತು ನನ್ನನ್ನೇ ನೋಡಿದ.

ನಾಳೆ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ನಾವಿಬ್ಬರೂ ಮೇಲೆ ಹತ್ತಿ ಹಲಗೆ ನೋಡುವುದೆಂದಾಗಿದೆ. ಸುಮ್ಮನೆ ನೋಡಲು, ಅಷ್ಟೇ. ಹೆಲ್ಮೆಟ್ಟಿನ ಒಳಗೆ ಇಸಾಬೆಲ್ಲಾಳ ಗೊಂಬೆಯ ಪುಟ್ಟ ದಿಂಬು ಹಾಗೇ ಇತ್ತು. ತೆಗೆಯಲಿಲ್ಲ. ತಲೆಗೆ ಮೆತ್ತಗಿರುತ್ತದೆ.